ಅತ್ತೆ ತಂದ ಎರಡು ಕಂಪ್ಯೂಟರು

ನಮ್ಮ ಅತ್ತೆ ಏನು ತಂದರೂ ಎರಡು ತರುತ್ತಿದ್ದರು. ಇಬ್ಬರು ಸೊಸೆಯಂದಿರು, ಇಬ್ಬರಿಗೂ ಸಮ. ಸೀರೆ ತಂದರೆ ಎರಡು, ಅಂಚಿನ ಬಣ್ಣವೂ ಒಂದೇ. ರೊಟ್ಟಿ ಹಂಚು ಎರಡು, ಕುಕ್ಕರ್ ಎರಡು. ನನ್ನ ಮಗಳಿಗೆ ಜ್ವರ ಬಂದು ಥರ್ಮಾಮೀಟರ್ ಬೇಕಾದಾಗಲೂ ಎರಡು ತಂದು, ಗಟ್ಟಿಮುಟ್ಟಾಗಿದ್ದ ನೆಗೆಣ್ಣಿಯ ಮನೆಗೂ ಒಂದು ಕೊಟ್ಟು ಬಂದಿದ್ದರು. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಶಹಾಪುರದಲ್ಲಿ ನಮ್ಮ ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ. ಕಾಲುವೆಯ ನೀರು ಹೊಲಕ್ಕೆ ಬಂದು, ಜೋಳ ಹೋಗಿ ಭತ್ತ ಬಂದ ಮೇಲೆ ಕಟ್ಟಿದ ಮನೆಗಳು ಅವು. ಅವನ್ನೂ ಅತ್ತೆ ಎದುರಿಗೆ ನಿಂತು ಹಗ್ಗ ಹಿಡಿಸಿ ಅಳೆಸಿಯೇ ಕಟ್ಟಿಸಿದ್ದರು.

ಕಂಪ್ಯೂಟರು ಬೇಕೆಂದವಳು ನಾನು. ಲಗ್ನಕ್ಕೆ ಮೊದಲು ಸುರಪುರದಲ್ಲಿ ಕನ್ನಡ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೆ. ಸುರಪುರದವರಿಗೆ ಸೊಕ್ಕು ಸ್ವಲ್ಪ ಹೆಚ್ಚು ಎಂದು ಶಹಾಪುರದವರು ಆಡಿಕೊಳ್ಳುತ್ತಾರೆ. ನನ್ನ ವಿಷಯದಲ್ಲಿ ಅದು ಸುಳ್ಳಲ್ಲ. ಶಾಲೆಗಳ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ ಎಲ್ಲ ಮನೆಯಲ್ಲೇ ಕೂತು ಟೈಪ್ ಮಾಡಿಕೊಡುತ್ತೇನೆ ಎಂದು ಗಂಡನ ಬೆನ್ನು ಹತ್ತಿದೆ. ಮಾತು ಅತ್ತೆಯ ಕಿವಿಗೆ ಬಿತ್ತು.

"ಹಿರೇಕಿಗೆ ತಂದ್ರ ಸಣ್ಣಾಕಿಗೂ ತರಬೇಕು" ಎಂದರು.

"ಆಕಿಗೆ ಅದರಾಗ ಏನ್ ತಿಳಿತೈತ್ರಿ ಅತ್ತಿ?" ಎಂದೆ ನಾನು.

"ನಿನಗ ತಿಳಿತೈತಲ್ಲ, ಕಲಿಸು."

ಅಲ್ಲಿಗೆ ಮಾತು ಮುಗಿಯಿತು. ಯಾದಗಿರಿಯ ಒಂದೇ ಅಂಗಡಿಯಿಂದ ಒಂದೇ ದಿನ ಒಂದೇ ಟೆಂಪೋದಲ್ಲಿ ಎರಡು ಕಂಪ್ಯೂಟರು ಬಂದವು. ಡಬ್ಬಿಯ ಒಳಗಿನ ಸಾಮಾನೂ ಒಂದೇ ಎಂದು ಅಂಗಡಿಯವನು ಅತ್ತೆಗೆ ಮಾತು ಕೊಟ್ಟಿದ್ದ. ನೆಗೆಣ್ಣಿ ತಿಂಥಣಿ ಕಡೆಯ ಹುಡುಗಿ, ಹತ್ತನೆಯ ತರಗತಿ ಓದಿದವಳು, ಕೀಲಿಮಣೆಯನ್ನು ಕಣ್ಣಿಂದಲೂ ಕಂಡಿರಲಿಲ್ಲ. ಯಾವ ಬೆರಳು ಎಲ್ಲಿ ಇಡಬೇಕೆಂಬುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವಳು ನಾನು. ಮೂರು ತಿಂಗಳಲ್ಲಿ ಅವಳು ನನ್ನಷ್ಟೇ ವೇಗವಾಗಿ ಹೊಡೆಯತೊಡಗಿದಳು. ಕಲಿಸಿದ್ದಕ್ಕೆ ಹೆಮ್ಮೆ ಆಗಬೇಕಿತ್ತು. ಆಗಲಿಲ್ಲ.

ಅವಳಿಗೊಂದು ಅಭ್ಯಾಸವಿತ್ತು. ನಮ್ಮ ಮನೆಗೆ ಬಂದಾಗಲೆಲ್ಲ ಯಾವುದಾದರೊಂದು ವಸ್ತುವನ್ನು ಕಣ್ಣರಳಿಸಿ ನೋಡಿ, "ಎಷ್ಟ್ ಚಂದ ಐತ್ರಿ ಅಕ್ಕಾರ" ಎನ್ನುವಳು. ಅದೇ ವಸ್ತು ಅವಳ ಮನೆಯಲ್ಲೂ ಇರುತ್ತದೆ! ಆದರೂ ನನ್ನದೇ ಚಂದ ಕಾಣುತ್ತಿತ್ತು ಅವಳಿಗೆ. ಇದು ದೃಷ್ಟಿಯಲ್ಲದೆ ಮತ್ತೇನು ಎಂದು ನಾನು ತೀರ್ಮಾನಿಸಿದೆ. ಕಂಪ್ಯೂಟರು ಬಂದ ವಾರದಲ್ಲೇ ಹಳೆಯ ಸೀರೆಗಳ ತುಂಡು ಜೋಡಿಸಿ, ಕೌದಿಯ ಹಾಗೆ ದಪ್ಪಗೆ ಹೊಲಿದು, ಪರದೆಯ ಪಕ್ಕದ ಡಬ್ಬಿಗೊಂದು ಗವಸಣಿಗೆ ಮಾಡಿದೆ. ಮುಂದೆ ಗುಂಡಿ ಒತ್ತುವಷ್ಟು ಕಿಂಡಿ, ಹಿಂದೆ ವೈರು ಹೋಗುವಷ್ಟು ಕಿಂಡಿ, ಉಳಿದಂತೆ ಮೈತುಂಬ ಬಟ್ಟೆ. ಯಾಕೆಂದು ಕೇಳಿದವರಿಗೆ, ಹಿತ್ತಲ ಕಡೆಯ ಅಕ್ಕಿ ಗಿರಣಿಯಿಂದ ಹೊಟ್ಟಿನ ಧೂಳು ಬರುತ್ತದೆ ಎನ್ನುತ್ತಿದ್ದೆ. ಧೂಳು ಬರುತ್ತಿದ್ದುದು ನಿಜ. ಹೊಲಿದದ್ದು ಮಾತ್ರ ಅವಳ ಕಣ್ಣಿಗೆ.

ಬೇಸಿಗೆ ಕಾಲಿಡುತ್ತಿದ್ದಂತೆ ನನ್ನ ಕಂಪ್ಯೂಟರಿನ ಆಟ ಶುರುವಾಯಿತು. ಟೈಪ್ ಮಾಡುತ್ತಿರುವಾಗಲೇ ಪರದೆ ಕಪ್ಪಾಗುವುದು, ಒಳಗೆ ಟಕ್ ಎನ್ನುವುದು, ಏನೂ ಆಗಿಲ್ಲವೆಂಬಂತೆ ಮತ್ತೆ ಮೊದಲಿನಿಂದ ಏಳುವುದು. ಒಮ್ಮೊಮ್ಮೆ ಒಂದು ತಾಸಿಗೆ, ಒಮ್ಮೊಮ್ಮೆ ಹತ್ತು ನಿಮಿಷಕ್ಕೆ. ಕೆಲವು ದಿನ ಬೆಳಗಿನಿಂದ ಸುಮ್ಮನಿದ್ದು ಮಧ್ಯಾಹ್ನ ಮೂರು ಸಲ. ಗೋಡೆಯ ಆಚೆ ನೆಗೆಣ್ಣಿಯ ಕೀಲಿಗಳ ಸಪ್ಪಳ ಮಾತ್ರ ನಿಲ್ಲುತ್ತಲೇ ಇರಲಿಲ್ಲ. ಅದೇ ಅಂಗಡಿ, ಅದೇ ದಿನ, ಅದೇ ಕಂಬದ ಕರೆಂಟು. ಆ ಸಪ್ಪಳ ಕೇಳುತ್ತಾ ನನ್ನ ಕಪ್ಪು ಪರದೆಯ ಮುಂದೆ ಕೂತಿರುತ್ತಿದ್ದೆ. ಚಲೋದನ್ನು ಅವಳಿಗೆ ಕೊಟ್ಟು ಕೆಟ್ಟದ್ದನ್ನು ನನ್ನ ತಲೆಗೆ ಕಟ್ಟಿದ್ದಾರೆ ಎಂದು ಗಂಡನ ಮೇಲೆ ಹರಿಹಾಯ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ಹೋದರು.

ಯಾದಗಿರಿಯಿಂದ ಮೆಕ್ಯಾನಿಕ್ ಬಸ್ ಹತ್ತಿ ಬಂದ. ಹೊರಗಿನವರು ಬರುತ್ತಾರೆಂದರೆ ಮಾಸಿದ ಬಟ್ಟೆ ತೋರಿಸುವವಳಲ್ಲ ನಾನು. ಬೆಳಿಗ್ಗೆಯೇ ಗವಸಣಿಗೆ ತೆಗೆದು ಒಗೆದು ಹಿತ್ತಲಲ್ಲಿ ಒಣಹಾಕಿದ್ದೆ. ಅವನು ಎರಡು ತಾಸು ಕೂತ. ಚುರುಮುರಿ ತಿಂದ, ಚಹಾ ಕುಡಿದ, ಹಾಡು ಹಚ್ಚಿ ನೋಡಿದ. ಕಂಪ್ಯೂಟರು ಮಿಸುಕಲಿಲ್ಲ. ಅವನು ಹೋದ ಮರುದಿನ ಮತ್ತೆ ಟಕ್ ಎಂದಿತು. ಎರಡನೆಯ ಸಲ ಬಂದಾಗಲೂ ಹೀಗೇ ಆಯಿತು.

"ಕೆನಾಲಿಗೆ ನೀರು ಬಿಟ್ಟಾರ ನೋಡ್ರಿ ಮೇಡಂ, ಎಲ್ಲಾರ ಮೋಟರ್ ಚಾಲೂ ಆಗ್ಯಾವ. ಕರೆಂಟಿಗೆ ದಮ್ ಇಲ್ಲ" ಎಂದ.

"ಹಂಗಾರ ಆ ಕಡೆ ಮನಿದು ಯಾಕ ಬಂದ್ ಆಗವಲ್ದು?"

ಅವನು ಕರೆಂಟು ಏರಿಳಿಯದಂತೆ ಒಂದು ಸ್ಟೆಬಿಲೈಜರ್ ಕೂಡಿಸಿ ಹೋದ. ಏನೂ ಉಪಯೋಗವಾಗಲಿಲ್ಲ. ಮೂರನೆಯ ಸಲ ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಒಳಗಿಂದ ಒಂದು ಗೇಣಿಗೂ ಕಡಿಮೆ ಉದ್ದದ ಹಸಿರು ಪಟ್ಟಿ ತೆಗೆದು ಒರೆಸಿ ಮತ್ತೆ ಕೂಡಿಸಿದ. ಅದಕ್ಕೆ ರ್‍ಯಾಮ್ ಎನ್ನುತ್ತಾರೆ, ಕಂಪ್ಯೂಟರು ಸದ್ಯಕ್ಕೆ ನೆನಪಿಟ್ಟುಕೊಳ್ಳುವುದು ಇದರಲ್ಲೇ ಎಂದು ಹೇಳಿ, "ಇದರ ಮ್ಯಾಲ ನನಗ ಶಕ್ ಐತ್ರಿ. ಬ್ಯಾರೇದು ಹಾಕಿ ನೋಡಿದ್ರ ಗೊತ್ತಾಗ್ತೈತಿ" ಎಂದ. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಎರಡು ಸ್ಕ್ರೂ, ಎರಡು ಕೊಂಡಿ. ಅಷ್ಟೇ.

ಈ ನಡುವೆ ಊರಿನ ಒಂದು ಶಾಲೆಯ ಹೆಡ್ಮಾಸ್ತರರು ಹಾಳೆಗಳ ಗಂಟು ಹಿಡಿದು ಬಂದರು. ಶಾಲೆಗೆ ಐವತ್ತು ವರ್ಷ ತುಂಬಿತ್ತು, ಸ್ಮರಣ ಸಂಚಿಕೆ ಮಾಡುತ್ತಿದ್ದರು. ಹಳೆಯ ವಿದ್ಯಾರ್ಥಿಗಳ ಲೇಖನ, ಪದ್ಯ, ಮಾಸ್ತರರ ನೆನಪು ಎಲ್ಲ ಟೈಪ್ ಆಗಬೇಕಿತ್ತು. "ಕೊನೀ ಪುಟದಾಗ ಅಕ್ಷರ ಜೋಡಣೆ ಅಂತ ನಿಮ್ಮ ಹೆಸರು ಹಾಕ್ತೀವ್ರಿ" ಎಂದರು.

ನನ್ನ ಹೆಸರು ಅಚ್ಚಾದದ್ದು ಒಂದೇ ಸಲ, ನನ್ನ ಲಗ್ನಪತ್ರಿಕೆಯಲ್ಲಿ. ಅಲ್ಲಿಯೂ ಮೊದಲು ಅಪ್ಪನ ಹೆಸರು, ಪಕ್ಕದಲ್ಲಿ ಗಂಡನ ಹೆಸರು. ಇದು ಹಾಗಲ್ಲ. ಪುಸ್ತಕದಲ್ಲಿ, ನನ್ನ ಕೆಲಸಕ್ಕಾಗಿ, ನನ್ನದೊಂದೇ ಹೆಸರು. ಅತ್ತೆ ಎಷ್ಟೇ ತಿಪ್ಪರಲಾಗ ಹಾಕಿದರೂ ಎರಡು ತರಲಾಗದ ವಸ್ತು ಇದೊಂದೇ. ನನಗೆ ಅದು ಬೇಕೇ ಬೇಕಾಗಿತ್ತು.

ಆ ವಾರವೇ ಅಮಾವಾಸ್ಯೆ ಬಂತು. ಅತ್ತೆ ನೆಗೆಣ್ಣಿಯನ್ನು ಕರೆದುಕೊಂಡು ತಿಂಥಣಿಗೆ ಮೌನೇಶ್ವರನ ದರ್ಶನಕ್ಕೆ ಹೊರಟರು. ಮೈದುನನೂ ಜೊತೆಗೆ ಹೋದ. ತುಳಸಿಗೆ ನೀರು ಹಾಕಲು ಅವರ ಮನೆಯ ಕೀಲಿ ನನ್ನ ಕೈಗೆ ಬಂತು. ತುಳಸಿಗೆ ನೀರು ಹಾಕಿದೆ. ಆಮೇಲೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.

ಸೆರಗಿನಲ್ಲಿ ಸ್ಕ್ರೂಡ್ರೈವರ್ ಇತ್ತು, ನನ್ನ ಕಂಪ್ಯೂಟರಿನ ಹಸಿರು ಪಟ್ಟಿಯೂ ಇತ್ತು. ಅವಳದನ್ನು ತೆಗೆದು ನನ್ನದನ್ನು ಕೂಡಿಸಿದೆ. ತಗಡು ಮುಚ್ಚುವಾಗ ಒಂದು ಸ್ಕ್ರೂ ಜಾರಿ ಬಿದ್ದು ಎಲ್ಲೋ ಉರುಳಿಹೋಯಿತು. ಮಂಚದ ಕೆಳಗೆ ಮೊಣಕಾಲೂರಿ ಹುಡುಕಿದೆ, ಸಿಗಲಿಲ್ಲ. ಒಂದೇ ಸ್ಕ್ರೂ ಬಿಗಿದು ಎದ್ದು ಬಂದೆ. ಇದಕ್ಕೆ ಕಳ್ಳತನವೆಂದೇ ಹೆಸರು. ಆ ದಿನ ಮಾತ್ರ ನನ್ನ ಪಾಲಿನದನ್ನು ನಾನು ತಂದುಕೊಂಡೆ ಎಂದು ನಂಬಿದ್ದೆ.

ಮನೆಗೆ ಬಂದು ಪಟ್ಟಿ ಕೂಡಿಸಿ, ತಗಡು ಬಿಚ್ಚಿದ್ದ ಡಬ್ಬಿಯಲ್ಲೇ ಕೆಲಸಕ್ಕೆ ಕೂತೆ. ಸಂಜೆಯವರೆಗೆ ಒಮ್ಮೆಯೂ ನಿಲ್ಲಲಿಲ್ಲ. ನಾನು ಗೆದ್ದಿದ್ದೆ. ರಾತ್ರಿ ಅಡುಗೆಗೆ ಶೇಂಗಾ ಹೋಳಿಗೆ ಮಾಡಿದೆ, ಯಾಕೆಂದು ಯಾರಿಗೂ ಹೇಳಲಿಲ್ಲ. ಮರುದಿನ ತಗಡು ಮುಚ್ಚಿ ಗವಸಣಿಗೆ ಹಾಕಿದೆ. ಒಳಗೆ ಈಗ ಅವಳ ವಸ್ತು ಇದೆಯಲ್ಲ, ಅವಳ ಕಣ್ಣು ಮೊದಲಿಗಿಂತ ಹೆಚ್ಚು ತಾಗೀತೆಂದು ಮೇಲೊಂದು ಹಳೆಯ ಟವೆಲನ್ನೂ ಹೊದಿಸಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಟಕ್ ಎಂದಿತು. ಮುಂದಿನ ಮೂರು ದಿನ ಮೊದಲಿಗಿಂತ ಹೆಚ್ಚಾಗಿ ನಿಲ್ಲತೊಡಗಿತು. ನಾಲ್ಕನೆಯ ದಿನ, ಮಾಡಿದ್ದನ್ನು ಉಳಿಸುತ್ತಿರುವಾಗಲೇ ಆರಿತು. ಮತ್ತೆ ಚಾಲೂ ಮಾಡಿದರೆ ಅರವತ್ತು ಪುಟದ ಕಡತ ತೆರೆಯಲೇ ಇಲ್ಲ. ಇನ್ನೊಂದು ಪ್ರತಿಯನ್ನು ಫ್ಲಾಪಿ ಡಿಸ್ಕಿನಲ್ಲಿ ತೆಗೆದಿಡು ಎಂದು ನೆಗೆಣ್ಣಿಗೆ ದಿನಾ ಪಾಠ ಹೇಳಿದ ನಾನು, ನನ್ನದನ್ನು ತೆಗೆದಿಟ್ಟಿರಲಿಲ್ಲ. ಗೋಡೆಯ ಆಚೆ, ನನ್ನ ಕೆಟ್ಟ ಪಟ್ಟಿ ಹಾಕಿಕೊಂಡೂ ಅವಳ ಕಂಪ್ಯೂಟರು ಟಕಟಕನೆ ನಡೆದೇ ಇತ್ತು. ಆ ಹೊತ್ತಿನಲ್ಲಿ ಅವಳನ್ನು ಎಷ್ಟು ದ್ವೇಷಿಸಿದೆನೆಂದು ಈಗ ಬರೆಯಲೂ ನಾಚಿಕೆಯಾಗುತ್ತದೆ.

ಅದೇ ಸಂಜೆ ಹೆಡ್ಮಾಸ್ತರರು ಬಂದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ದಿನ ಭಾಳ ಉಳಿದಿಲ್ರಿ" ಎಂದು ಮೆಲ್ಲಗೆ ಹೇಳಿದರು. "ಆ ಕಡೆ ಮನಿಯಾಗ ಕೊಡ್ಲೇನ್ರಿ?"

"ಬ್ಯಾಡ್ರಿ, ನಾನ ಮಾಡ್ತೇನಿ" ಎಂದೆ. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅದು ಅತ್ತೆಗೆ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ನೆಗೆಣ್ಣಿಯನ್ನು ಕಳಿಸಿದರು.

ಅವಳು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ನಾನು ಓದುತ್ತೇನೆ, ನೀವು ಹೊಡೆಯಿರಿ ಎಂದಳು. ಅರ್ಧ ತಾಸು ಹಾಗೇ ನಡೆಯಿತು. ಹಾಳೆ ತಿರುವುತ್ತಾ ಅವಳು ಕೈಯನ್ನು ಡಬ್ಬಿಯ ಮೇಲೆ ಇಟ್ಟವಳು ಸರಕ್ಕನೆ ತೆಗೆದಳು.

"ಅಕ್ಕಾರ, ಬಟ್ಟಿ ಮ್ಯಾಲಿಂದನ ಸುಡಾಕತ್ತೈತ್ರಿ ಇದು. ಜ್ವರ ಬಂದಂಗ ಐತಿ."

ಅವಳು ಟವೆಲು ತೆಗೆದಳು. ಗವಸಣಿಗೆ ಮೇಲೆತ್ತಿ, ಬೆನ್ನ ಹಿಂದಿನ ಫ್ಯಾನಿನ ಹತ್ತಿರ ಅಂಗೈ ಹಿಡಿದಳು. ಬಿಸಿ ಗಾಳಿ ಧಗ್ಗನೆ ಹೊರಗೆ ಬಂದದ್ದು ನನ್ನ ಮುಖಕ್ಕೂ ತಾಗಿತು.

"ಉಸಿರಾಡಾಕ ಜಾಗಾನ ಇಲ್ಲಲ್ರಿ ಇದಕ್ಕ. ಇಂಥಾ ಬ್ಯಾಸಿಗ್ಯಾಗ ಕೌದಿ ಯಾಕ ಹೊಚ್ಚೀರಿ?"

"ಗಿರಣಿ ಧೂಳಿಗೆ" ಎಂದೆ.

ಮೆಕ್ಯಾನಿಕ್ ಬಂದ ದಿನ ಅದು ಯಾಕೆ ಗರತಿಯಂತೆ ಕೂತಿತ್ತು, ಪಟ್ಟಿ ಬದಲಿಸಿದ ದಿನ ಯಾಕೆ ಸಂಜೆಯವರೆಗೆ ನಡೆಯಿತು, ಎಲ್ಲ ಒಮ್ಮೆಲೇ ತಲೆಗೆ ಹೊಳೆಯಿತು. ನನ್ನ ಪಟ್ಟಿಗೂ ಏನೂ ಆಗಿರಲಿಲ್ಲ, ಅವಳದರಲ್ಲೂ ಏನೂ ವಿಶೇಷವಿರಲಿಲ್ಲ. ಅವಳ ಕಣ್ಣು ತಾಗಬಾರದೆಂದು ನಾನೇ ಹೊದಿಸಿದ ಬಟ್ಟೆಯೊಳಗೆ ಅದು ಕುದಿಯುತ್ತಿತ್ತು. ಬಟ್ಟೆ ತೆಗೆದ ಮೇಲೆ ಆ ಕಂಪ್ಯೂಟರು ಐದು ವರ್ಷ ನಡೆಯಿತು.

ಮುಂದಿನ ಹತ್ತು ದಿನದಲ್ಲಿ ಅರ್ಧ ಪುಸ್ತಕವನ್ನು ಗೋಡೆಯ ಈ ಕಡೆ ನಾನು, ಉಳಿದರ್ಧವನ್ನು ಆ ಕಡೆ ಅವಳು ಟೈಪ್ ಮಾಡಿ ಮುಗಿಸಿದೆವು. ಪುಸ್ತಕ ಅಚ್ಚಾಗಿ ಬಂದಾಗ ನಿಂತಲ್ಲೇ ಕೊನೆಯ ಪುಟ ತೆಗೆದೆ. ಇಬ್ಬರ ಹೆಸರೂ ಇರುತ್ತದೆ, ಇಲ್ಲಿಯೂ ಸಮ ಆಯಿತು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನನ್ನದೊಂದೇ ಇತ್ತು.

ಹೆಡ್ಮಾಸ್ತರರು ಹೇಳಿದರು, "ಆ ಕಡೆ ಮನಿಯವರ ಬಂದು ಹೇಳಿದ್ರು ನೋಡ್ರಿ. ಅಕ್ಕಾರದು ಅಷ್ಟ ಹಾಕ್ರಿ, ನನಗ ಕಲಿಸಿದವರ ಅವರು ಅಂದ್ರು."

ಪುಸ್ತಕ ತೋರಿಸಲು ಅವಳ ಮನೆಗೆ ಹೋದೆ. ಅವಳು ಕೊನೆಯ ಪುಟವನ್ನು ಕಣ್ಣರಳಿಸಿ ನೋಡಿ, "ಎಷ್ಟ್ ಚಂದ ಐತ್ರಿ ಅಕ್ಕಾರ" ಎಂದಳು. ಆಮೇಲೆ ಬಳೆ ಇಡುವ ಡಬ್ಬಿ ತೆರೆದು, ಅದರೊಳಗಿಂದ ಒಂದು ಸಣ್ಣ ಸ್ಕ್ರೂ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು.

"ಕಸ ಹೊಡಿಯುವಾಗ ಸಿಕ್ಕಿತ್ರಿ. ಬಿಗಿಯಾಕ ನನಗ ಬರಂಗಿಲ್ಲ, ನಿಮಗ ಬರ್ತೈತಿ."

"ಯಾವಾಗ ಸಿಕ್ಕಿತು?"

"ತಿಂಥಣಿಯಿಂದ ಬಂದ ಮರುದಿನ."

ಅಂದರೆ ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂರುವ ಮೊದಲೇ. ಕೀಲಿ ಯಾರ ಕೈಯಲ್ಲಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಅತ್ತೆಗೆ ಹೇಳಿದೆಯಾ ಎಂದು ಕೇಳುವ ಮೊದಲು ಅವಳೇ ಇಲ್ಲವೆಂದು ತಲೆಯಾಡಿಸಿದಳು.

"ಆ ಪಟ್ಟಿ ವಾಪಸ್ ಕೊಡ್ತೇನಿ" ಎಂದೆ.

"ಇರ್ಲಿ ಬಿಡ್ರಿ. ಎರಡೂ ಒಂದ ಅಲ್ಲೇನ್ರಿ?"

ಅವಳ ಡಬ್ಬಿಯ ಹಿಂದೆ ಕೂತು ಆ ಸ್ಕ್ರೂ ಬಿಗಿದುಕೊಟ್ಟು ಬಂದೆ. ಪುಸ್ತಕ ಇವತ್ತಿಗೂ ನನ್ನ ಕಪಾಟಿನಲ್ಲಿದೆ. ಕೊನೆಯ ಪುಟ ತೆಗೆದಾಗಲೆಲ್ಲ ಮೊದಲು ಅವಳ ಮೇಲೆ ಹೊಟ್ಟೆಕಿಚ್ಚೇ ಏಳುತ್ತದೆ, ಈಗ ಕಂಪ್ಯೂಟರಿಗಾಗಿ ಅಲ್ಲ. ಅವಳು ಅವತ್ತು ನನ್ನ ಜಡೆ ಹಿಡಿದು ಜಗಳವಾಡಿದ್ದರೆ ನಾವಿಬ್ಬರೂ ಸಮ ಆಗುತ್ತಿದ್ದೆವು. ಅವಳು ಆಡಲಿಲ್ಲ.