ಬೇಡಿಕೊಳ್ಳದ ಅರ್ಜಿ

ಇವತ್ತು ಬೆಳಿಗ್ಗೆಯೇ ಬೆರಳಿಗೆಲ್ಲ ಕೆಂಪು ಶಾಯಿ ಮಾಡಿಕೊಂಡು ಕೂತಿದ್ದೇನೆ. ತಪ್ಪು ನನ್ನದಲ್ಲ, ಎದುರು ಮನೆಯ ಪುಟ್ಟಮ್ಮನವರದು. ಮಂಡ್ಯದ ನಮ್ಮ ಬೀದಿಗೆ ಮೂರು ವಾರದಿಂದ ನಲ್ಲಿ ನೀರು ಸರಿಯಾಗಿ ಬರುತ್ತಿಲ್ಲ. "ನೀವು ಇಂಗ್ಲೀಸ್ ಮೇಷ್ಟ್ರಾಗಿದ್ದೋರು, ನೀರ್ ಬಿಡೋರಿಗೆ ಒಂದರ್ಜಿ ಬರ್ಕೊಡಿ ಸಾ. ಇಂಗ್ಲೀಸಲ್ಲಿದ್ರೆ ತೂಕ ಇರ್ತದೆ" ಅಂದರು. ನಿವೃತ್ತನಾದ ಮೇಲೆ ಯಾರಾದರೂ ಮೇಷ್ಟ್ರೇ ಎಂದರೆ ನಾನು ಕರಗಿಬಿಡುತ್ತೇನೆ. ಡ್ರಾಯರು ತಡಕಿದರೆ ಸಿಕ್ಕಿದ್ದು ಮಕ್ಕಳ ಪುಸ್ತಕ ತಿದ್ದುತ್ತಿದ್ದ ಹಳೆಯ ಪೆನ್ನು. ಕೆಂಪು ಶಾಯಿ ತುಂಬಿಸಿದೆ, ಸೋರಿತು. ಕರಡು ತಾನೆ ಎಂದು ಅದರಲ್ಲೇ ಶುರು ಮಾಡಿದೆ. 'ತಮ್ಮಲ್ಲಿ ಅತ್ಯಂತ ವಿನಯದಿಂದ ಬೇಡಿಕೊಳ್ಳುವುದೇನೆಂದರೆ' ಎನ್ನುವ ಇಂಗ್ಲಿಷ್ ಸಾಲನ್ನು ಕೈ ತನ್ನಷ್ಟಕ್ಕೆ ಬರೆದು ಮುಗಿಸಿತು. ಕೆಂಪಕ್ಷರದಲ್ಲಿ ಆ ಸಾಲು ಕಂಡದ್ದೇ ತಡ, ನನಗೆ ಭಾಗ್ಯ ನೆನಪಾದಳು.

ಆಗ ನಾನು ಮದ್ದೂರಿಗೂ ಮಳವಳ್ಳಿಗೂ ನಡುವಿನ ಒಂದು ಹೈಸ್ಕೂಲಿನಲ್ಲಿದ್ದೆ. ನಾನು ವ್ಯಾಕರಣದ ಮನುಷ್ಯ. ಸಾರಿಗೆ ಉಪ್ಪು ಕಮ್ಮಿಯಾದರೆ ಇವರಿಗೆ ಗೊತ್ತೇ ಆಗುವುದಿಲ್ಲ, ಯಾರಾದರೂ ಕ್ರಿಯಾಪದ ತಪ್ಪು ಹೇಳಿದರೆ ಮಾತ್ರ ಊಟ ಸೇರುವುದಿಲ್ಲ ಎಂದು ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಸಂಕ್ರಾಂತಿ ಕಳೆದ ಮೇಲೆ ಹತ್ತನೇ ತರಗತಿಯಲ್ಲಿ ಇಂಗ್ಲಿಷಿಗೆ ಹೆದರುವ ಮಕ್ಕಳನ್ನು ಎಂಟು ಗಂಟೆಗೇ ಕರೆಸಿ, ಕಲಿತದ್ದನ್ನೆಲ್ಲ ಮತ್ತೊಮ್ಮೆ ತಿರುವಿ ಹಾಕಿಸುತ್ತಿದ್ದೆ. ಒಂದು ದಿನ ವ್ಯಾಕರಣ, ಒಂದು ದಿನ ಓದು, ಒಂದು ದಿನ ಪ್ರಬಂಧ ಮತ್ತು ಪತ್ರ. ಓದಿಗೆ ನಿಲ್ಲಿಸಿದರೆ ಪೂರ್ಣವಿರಾಮದಲ್ಲಿ ಒಬ್ಬರೂ ನಿಲ್ಲುತ್ತಿರಲಿಲ್ಲ. ಪ್ರಬಂಧ ಬರೆಯಿರಿ ಎಂದರೆ ಗೈಡಿನಲ್ಲಿದ್ದ ಹಸುವೇ ಇಪ್ಪತ್ತು ಪುಸ್ತಕಗಳಲ್ಲಿ ಅದೇ ನಾಲ್ಕು ಕಾಲು, ಅದೇ ಎರಡು ಕೊಂಬು ಹೊತ್ತು ನಿಂತಿರುತ್ತಿತ್ತು.

ಭಾಗ್ಯ ಮಾತ್ರ ದಿನಾ ಮುಕ್ಕಾಲು ಗಂಟೆ ತಡ. ನಾನು ಗದರಿದೆ. ಅವಳು ತಲೆ ತಗ್ಗಿಸಲಿಲ್ಲ.

"ಬಸ್ಸು ನಿಲ್ಸಕಿಲ್ಲ ಸಾ. ಪಾಸಿನ ಮಕ್ಳು ಅಂದ್ರೆ ನೋಡ್ಕಂಡೇ ಒಂಟೋಯ್ತಾರೆ. ನಡ್ಕಂಡೇ ಬತ್ತೀನಿ."

ಅವಳ ಊರಿನಿಂದ ಆರು ಮಕ್ಕಳು ಬರಬೇಕಿತ್ತು. ಐದು ಮಂದಿ ಬಸ್ಸು ಹೋದ ಮೇಲೆ ಮನೆಗೆ ಮರಳಿ, ಬೆಳಗಿನ ಪಾಠದ ಆಸೆ ಬಿಟ್ಟು ಸ್ಕೂಲಿನ ಹೊತ್ತಿಗಷ್ಟೇ ಬರುತ್ತಿದ್ದರು. ಇವಳಿಗೆ ಬಿಡುವ ಹಾಗಿರಲಿಲ್ಲ. ಅರ್ಧವಾರ್ಷಿಕದಲ್ಲಿ ಇಂಗ್ಲಿಷೊಂದರಲ್ಲಿ ಫೇಲಾಗಿದ್ದಳು. ಅವಳವ್ವ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಪಾಸಾದರೆ ಕಾಲೇಜು, ಫೇಲಾದರೆ ಅವ್ವನ ಜೊತೆ ಅದೇ ವ್ಯಾನು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. "ಗಾರ್ಮೆಂಟ್ಸ್ ವ್ಯಾನು ನಮ್ಮೂರಲ್ಲಿ ದಿನಾ ನಿಲ್ತದೆ ಸಾ, ಸ್ಕೂಲಿಗೋಗೋ ಬಸ್ಸೇ ನಿಲ್ಲಲ್ಲ" ಎಂದಳು.

ಉತ್ತರವಿಲ್ಲದಾಗ ಮೇಷ್ಟರಾದವರು ಏನು ಮಾಡುತ್ತಾರೆ ಹೇಳಿ? ಅಭ್ಯಾಸ ಕೊಡುತ್ತಾರೆ! ಬಸ್ಸು ನಿಲ್ಲಿಸುವಂತೆ ಡಿಪೋ ಅಧಿಕಾರಿಗೆ ಪತ್ರ ಬರೆಯಿರಿ ಎಂದೆ. ಎಲ್ಲರೂ ನಾನು ಹೇಳಿಕೊಟ್ಟಂತೆ ಬೇಡಿಕೊಂಡರು, ಪ್ರಾರ್ಥಿಸಿದರು, ವಿಧೇಯರಾದರು. ಭಾಗ್ಯ ಬರೆದ ಇಂಗ್ಲಿಷನ್ನು ಕನ್ನಡಕ್ಕಿಳಿಸಿದರೆ ಹೀಗಿತ್ತು: 'ಬೆಳಿಗ್ಗೆ ಏಳೂವರೆಗೆ ನಾವು ಆರು ಜನ ಅರಳಿಮರದ ಹತ್ತಿರ ನಿಂತಿರುತ್ತೇವೆ. ಡ್ರೈವರು ನಮ್ಮನ್ನು ನೋಡುತ್ತಾರೆ. ನೋಡಿ ಹೋಗುತ್ತಾರೆ. ಪಾಸು ಕೊಟ್ಟವರು ನೀವು. ಬಸ್ಸು ನಿಲ್ಲಿಸಬೇಕಾದವರೂ ನೀವು. ನಾಳೆಯೂ ನಿಂತಿರುತ್ತೇವೆ.'

ಸಾಲಿಗೆರಡು ತಪ್ಪು. ಪುಟವೆಲ್ಲ ಕೆಂಪಾಗುವಷ್ಟು ತಿದ್ದಿದೆ. "ಇದು ಅರ್ಜಿಯೋ, ಜಗಳವೋ? ದೊಡ್ಡವರಿಗೆ ಹೀಗೆ ಬರೀತಾರೇನಮ್ಮ? ಬೇಡ್ಕೋಬೇಕು" ಎಂದೆ.

"ನಾವೇನ್ ಬಿಕ್ಸೆ ಕೇಳ್ತಿದ್ದೀವಾ ಸಾ?" ಎಂದಳು. ಸೊಕ್ಕಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ನಾನೇ ಒಂದು ಪತ್ರ ಬರೆದು, ವಿನಯವನ್ನೆಲ್ಲ ಸುರಿದು, ಮಕ್ಕಳ ಸಹಿ ಹಾಕಿಸಿ ಅಂಚೆಗೆ ಹಾಕಿದೆ. ಅಷ್ಟು ಚಂದದ ಇಂಗ್ಲಿಷನ್ನು ಆ ಡಿಪೋ ಕಂಡಿರಲಾರದು ಎಂದು ಒಳಗೊಳಗೇ ಬೀಗಿದೆ. ಎರಡು ವಾರವಾದರೂ ಬಸ್ಸು ನಿಲ್ಲಲಿಲ್ಲ.

ಮೂರನೇ ವಾರ ಒಂದು ದಿನ ನಾನು ಬೀಗ ತೆಗೆಯುವ ಹೊತ್ತಿಗೆ ಭಾಗ್ಯ ಜಗಲಿಯ ಮೇಲೆ ಕೂತಿದ್ದಳು. ಹಿಂದೆ ಉಳಿದ ಐವರೂ ಇದ್ದರು.

"ಬಸ್ಸು ನಿಲ್ತು ಸಾ."

"ನೋಡಿದ್ಯಾ, ನನ್ನ ಪತ್ರ!" ಎಂದೆ.

ಅವಳು ಕಾಲ ಬೆರಳಲ್ಲಿ ನೆಲ ಕೆರೆಯುತ್ತ ನಿಂತಳು. ಆಮೇಲೆ ಮೆಲ್ಲಗೆ ಒಂದೊಂದೇ ಹೇಳಿದಳು. ಭಾನುವಾರ ಕೂತು ತನ್ನ ಪತ್ರವನ್ನು ಮತ್ತೆ ಬರೆದಿದ್ದಳು. ಸೋಮವಾರ ಅವ್ವ ರಜ ಹಾಕಿ ಜೊತೆಗೆ ಹೋಗಿದ್ದರು. ಇಬ್ಬರೂ ಡಿಪೋಗೇ ಹೋಗಿ ಅಧಿಕಾರಿಯ ಕೈಗೆ ಕೊಟ್ಟು ಬಂದಿದ್ದರು.

"ನೀವು ಕೆಂಪಿಂಕಲ್ಲಿ ಗುರ್ತು ಮಾಡಿದ್ ತಪ್ಪೆಲ್ಲಾ ತಿದ್ದಿದೆ ಸಾ. ಬೇಡ್ಕಳ್ಳೋದ್ ಮಾತ್ರ ಸೇರಿಸ್ನಿಲ್ಲ."

"ಅವರೇನಂದರು?"

"ಓದಿ ನಕ್ರು ಸಾ. ಇನ್ನೊಂದ್ ಸಲ ಓದುದ್ರು. ಆಗ ನಗ್ನಿಲ್ಲ."

ನನಗೆ ಮೊದಲು ಚುರುಕ್ಕೆಂದದ್ದು ಸುಳ್ಳಲ್ಲ. ಮರುಕ್ಷಣವೇ ಎದೆ ಉಬ್ಬಿತು. ಇಪ್ಪತ್ತೆರಡು ವರ್ಷ ನಾನು ಮಕ್ಕಳಿಗೆ ಇಂಗ್ಲಿಷಿನಲ್ಲಿ ತಲೆ ಬಾಗುವುದನ್ನೇ ಕಲಿಸಿದ್ದೆ. ಅದೇ ಇಂಗ್ಲಿಷಿನಲ್ಲಿ ಈ ಹುಡುಗಿ ತಲೆ ಎತ್ತಿ ಮಾತಾಡಿ ಬಂದಿದ್ದಳು.

ಆದರೂ ಭಯ ಹೋಗಲಿಲ್ಲ. ಪರೀಕ್ಷೆಯಲ್ಲಿ ಪತ್ರ ಬಂದೇ ಬರುತ್ತದೆ. ಅಲ್ಲೂ ಹೀಗೇ ಬರೆದು ಅಂಕ ಕಳೆದುಕೊಂಡರೆ ಗತಿಯೇನು, ಅದೇ ವ್ಯಾನು! ಇಂಗ್ಲಿಷ್ ಪರೀಕ್ಷೆಯ ದಿನ ಗೇಟಿನ ಹೊರಗೆ ಕಾದಿದ್ದು, ಅವಳು ಬಂದದ್ದೇ ಕೇಳಿದೆ, "ಪತ್ರ ಹೇಗೆ ಬರೆದೆ?"

"ಯೋಚ್ನೆ ಮಾಡ್ಬೇಡಿ ಸಾ. ಪರೀಕ್ಸೆಗೆ ನಿಮ್ದು ಬರ್ದೆ. ಬಸ್ಸಿಗೆ ನಂದು."

ಪಾಸಾದಳು. ಇಂಗ್ಲಿಷಿನಲ್ಲಿ ಅರವತ್ತು ದಾಟಿತ್ತು. ಜೂನ್ ತಿಂಗಳಲ್ಲಿ ಅರಳಿಮರದ ಹತ್ತಿರ ಅದೇ ಬಸ್ಸು ಹತ್ತಿ ಮಳವಳ್ಳಿಯ ಕಾಲೇಜಿಗೆ ಹೋಗತೊಡಗಿದಳು. ಈಗ ಮಳವಳ್ಳಿಯ ಆಸ್ಪತ್ರೆಯಲ್ಲೇ ನರ್ಸಾಗಿದ್ದಾಳೆ. ವರ್ಷಕ್ಕೊಮ್ಮೆ ಫೋನು ಮಾಡುತ್ತಾಳೆ. ಆ ದಿನವೆಲ್ಲ ನನ್ನ ಜಂಬ ತಡೆಯುವುದು ಕಷ್ಟವೆಂದು ಹೆಂಡತಿಯ ದೂರು.

ನೋಡಿ, ಎಲ್ಲಿಂದ ಎಲ್ಲಿಗೋ ಬಂದೆ. ಅರ್ಜಿ ಹಾಗೇ ಉಳಿದಿದೆ. ಬೇಡಿಕೊಂಡ ಸಾಲನ್ನು ಅದೇ ಕೆಂಪು ಪೆನ್ನಿನಿಂದ ಹೊಡೆದು ಹಾಕಿದೆ. ಮತ್ತೆ ಬರೆದೆ: ಬೆಳಿಗ್ಗೆ ಆರಕ್ಕೆ ನಾವು ಕೊಡ ಇಟ್ಟುಕೊಂಡು ನಿಂತಿರುತ್ತೇವೆ. ನೀರು ಬರುವುದಿಲ್ಲ. ಬಿಡಬೇಕಾದವರು ನೀವು.

ಪುಟ್ಟಮ್ಮನವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಕಣ್ಣರಳಿಸಿದರು. "ಅಯ್ಯೋ, ಇಷ್ಟ್ ನೇರವಾಗಿ ಬರೀಬೌದಾ ಸಾ? ನಿಮ್ಗ್ಯಾರ್ ಕಲ್ಸುದ್ರು?"

"ನನ್ನ ಶಿಷ್ಯೆ ಕಣಮ್ಮ" ಎಂದೆ. ಕೊನೆಗೆ ಇನ್ನೊಂದು ಸಾಲು ಬಾಕಿಯಿತ್ತು. ನಾಳೆಯೂ ನಿಂತಿರುತ್ತೇವೆ ಎಂದು ಬರೆದು ಸಹಿ ಹಾಕಿದೆ.