ನಕ್ಷೆಯಲ್ಲಿ ಉಳಿದ ಚಹಾದಂಗಡಿ

ಸಮುದ್ರ ಯಾವುದು, ಆಕಾಶ ಯಾವುದು ಎಂದು ಇನ್ನೂ ಸ್ಪಷ್ಟವಾಗಿಲ್ಲ. ಕಸಾನೆಜಿಮಾ ದ್ವೀಪದ ನಡುಗುಡ್ಡದ ಏರುದಾರಿಯಲ್ಲಿ ಮಸುಯೊ-ಸಾನ್ ಎಂಬ ಅಜ್ಜಿ ಹತ್ತುತ್ತಿದ್ದಾರೆ. ಬೆನ್ನಿನ ಚೀಲದಲ್ಲಿ ಬಾರ್ಲಿ ಚಹಾ ತುಂಬಿದ ದೊಡ್ಡ ಫ್ಲಾಸ್ಕು, ಕೈಯಲ್ಲಿ ಬಟ್ಟೆ ಸುತ್ತಿದ ಪಿಂಗಾಣಿ ಲೋಟಗಳು. ಕೆಳಗಿನ ಮಂಜಿನೊಳಗೆ ಮೀನಿನ ದೋಣಿಯೊಂದು ಸದ್ದು ಮಾಡುತ್ತ ಸಾಗುತ್ತಿದೆ, ದೋಣಿ ಕಾಣುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಚಹಾದಂಗಡಿ. ಅದರ ಬಾಗಿಲು ಹಾಕಿ ಇಡೀ ಚಳಿಗಾಲ ಕಳೆದಿದೆ. ಅವರು ಹೊರಗಿನ ಬೆಂಚಿನ ಇಬ್ಬನಿ ಒರೆಸುತ್ತಾರೆ, ಲೋಟಗಳನ್ನು ಬೋರಲು ಹಾಕುತ್ತಾರೆ, ಫ್ಲಾಸ್ಕನ್ನು ಸೂರಿನ ನೆರಳಿಗೆ ಸರಿಸುತ್ತಾರೆ.

"ಇಲ್ಲಿ ಚಹಾ ಸಿಗುತ್ತೆ ಅಂತ ನಕ್ಷೇಲಿ ಬರ್ದಿದೀನಲ್ಲ," ಎನ್ನುತ್ತಾರೆ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. "ಏದುಸಿರು ಬಿಡ್ತಾ ಹತ್ತಿ ಬಂದೋರಿಗೆ ಬರೀ ಬೀಗ ತೋರ್ಸಕ್ಕಾಗುತ್ತಾ?"

ದ್ವೀಪಕ್ಕೆ ಇರುವುದು ಒಂದೇ ನಕ್ಷೆ. ಅದನ್ನು ಬರೆಯುವವರು ಮಸುಯೊ-ಸಾನ್. ಹಾಳೆಯ ಮೇಲೆ ಎಲ್ಲೂ ಅವರ ಹೆಸರಿಲ್ಲ. ಹಿಂದೆ ಅವರು ಹಡಗುಕಟ್ಟೆಯಲ್ಲಿ ಟಿಕೆಟ್ ಕೊಡುತ್ತಿದ್ದರು. ದಾರಿ ಕೇಳಿದವರಿಗೆ ಹಳೆಯ ವೇಳಾಪಟ್ಟಿಯ ಬೆನ್ನಿಗೆ ಗೀಟು ಹಾಕಿ ಕೊಡುತ್ತ ಕೊಡುತ್ತ, ಗೀಟುಗಳು ಕೂಡಿಕೊಂಡು ಒಂದು ದ್ವೀಪವಾದವು. ಪ್ರತಿ ಹೊಸ ಮುದ್ರಣಕ್ಕೆ ಮುಂಚೆ ಎಲ್ಲ ದಾರಿಗಳನ್ನೂ ಅವರು ಮತ್ತೊಮ್ಮೆ ನಡೆಯುತ್ತಾರೆ. ನಕ್ಷೆಯ ಮೇಲ್ಭಾಗದಲ್ಲಿ ಉತ್ತರವಿಲ್ಲ, ದಕ್ಷಿಣವಿದೆ. ಹಡಗಿನಿಂದ ಇಳಿದವರ ಮುಖ ಆ ಕಡೆಗಿರುತ್ತದೆ, ಅದಕ್ಕೆ. ದೂರವನ್ನು ಕರಿಬೆಲ್ಲದ ಮಿಠಾಯಿಯಲ್ಲಿ ಅಳೆಯುತ್ತಾರೆ. 'ಕಲ್ಲುಬುದ್ಧನಿಂದ ಬಾವಿಗೆ ಮಿಠಾಯಿ ಒಂದು' ಎಂದರೆ ಬಾಯಲ್ಲಿಟ್ಟ ಮಿಠಾಯಿ ಕರಗುವಷ್ಟು ನಡಿಗೆ.

"ಒಬ್ರು ಬಂದು ಜಗಳ ಆಡಿದ್ರು, ನಿಮ್ಮ ಲೆಕ್ಕ ತಪ್ಪು ಅಂತ. ಬಾಯಿ ನೋಡಿದ್ರೆ ಕಟಕಟ ಅಗೀತಾ ಇದಾರೆ!" ಎಂದು ನಗುತ್ತಾರೆ.

ರಜೆ ಹತ್ತಿರವಾದಂತೆ ಎದುರು ದಡದ ಊರುಗಳಿಂದ ನಕ್ಷೆ ಬೇಕೆಂದು ಕಾರ್ಡುಗಳು ಬರುತ್ತವೆ. ಅಂಚೆಯಲ್ಲಿ ಹೋದ ಹಾಳೆಯನ್ನು ಮನೆಯವರೆಲ್ಲ ಕೆಳಗೆ ಕಾಲು ಬೆಚ್ಚಗಿಡುವ ತಗ್ಗು ಮೇಜಿನ ಮೇಲೆ ಹರಡಿಕೊಳ್ಳುತ್ತಾರೆ. ಕಿತ್ತಳೆ ಸುಲಿಯುತ್ತ ಕೆಂಪು ಪೆನ್ಸಿಲ್ಲಿನಲ್ಲಿ ದಾರಿ ಎಳೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಹೊರಡುವ ದಿನ ಬರುವಷ್ಟರಲ್ಲಿ ಮನಸ್ಸಿನಲ್ಲಿ ಎಷ್ಟೋ ಸಲ ಹೋಗಿ ಬಂದಿರುತ್ತಾರೆ. ಈ ಬೆಳಗಿನ ಮೊದಲ ಹಡಗಿನಲ್ಲಿ ಬಂದಿಳಿದ ದಂಪತಿಯ ನಕ್ಷೆ ಮಡಿಕೆಗಳಲ್ಲಿ ಆಗಲೇ ಬಟ್ಟೆಯಂತೆ ಮೆತ್ತಗಾಗಿದೆ.

"ಒಂದು ತಿಂಗಳಿಂದ ದಿಂಬಿನ ಪಕ್ಕ ಇದನ್ನೇ ಇಟ್ಕೊಂಡು ಮಲಗ್ತಾರೆ. ನನ್ನ ಮುಖ ನೋಡಿದ್ದೇ ಕಮ್ಮಿ," ಎಂದು ಹೆಂಡತಿ ದೂರುತ್ತಾರೆ.

"ನಿನ್ನ ಮುಖ ಎಲ್ಲೆಲ್ಲಿ ತಿರುಗುತ್ತೆ ಅಂತ ನಂಗೊತ್ತು ಕಣೇ. ಈ ದಾರಿ ಗೊತ್ತಿಲ್ವಲ್ಲ," ಎನ್ನುತ್ತಾರೆ ಗಂಡ, ನಕ್ಷೆಯಿಂದ ಕಣ್ಣೆತ್ತದೆ. ಅವರ ಕೆಂಪು ಗೆರೆ ಗುಡ್ಡ ಹತ್ತಿ ಚಹಾದಂಗಡಿಯ ಬಳಿ ನಿಂತಿದೆ. ಅಲ್ಲಿ ಒಂದು ಪುಟ್ಟ ಸುತ್ತು.

ಆ ಅಂಗಡಿ ಫುಜಿನೊ-ಸಾನ್ ಅವರದು. ಮಸುಯೊ-ಸಾನ್‌ಗೆ ಚಿಕ್ಕಂದಿನಿಂದ 'ಫು-ಚಾನ್'. ಹೋದ ಶರತ್ಕಾಲದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು ಎದುರು ದಡದ ಆಸ್ಪತ್ರೆಯಲ್ಲಿದ್ದಾರೆ. ಯಾವಾಗ ಮರಳುತ್ತಾರೆಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಆದರೆ ಹೊಸ ನಕ್ಷೆ ಈ ವಾರ ಅಚ್ಚಿಗೆ ಹೋಗಬೇಕು. ಅಂಗಡಿಯನ್ನು ಅದರಲ್ಲಿ ಏನೆಂದು ಬರೆಯುವುದು?

ಊರ ಕಚೇರಿಯ ಕುರೆಮಾತ್ಸು-ಸಾನ್ ನಕ್ಷೆಯ ಕರಡು ಒಯ್ಯಲು ಬಂದವರು ಹಡಗುಕಟ್ಟೆಯ ಕೋಣೆಯಲ್ಲಿ ಕೂತು ಟೋಪಿ ತಿರುಗಿಸುತ್ತಿದ್ದಾರೆ. "ಅಲ್ಲಿ 'ಆತೊ' ಅಂತ ಹಾಕ್ಬಿಡಿ, ಮಸುಯೊ-ಸಾನ್. ಪದ್ಧತಿ ಅದೇ ತಾನೆ?"

ಆತೊ ಎಂದರೆ ಹಿಂದೆ ಏನೋ ಇದ್ದ ಜಾಗ. ಈ ನಾಡಿನ ನಕ್ಷೆಗಳಲ್ಲಿ ಕೋಟೆ ಬಿದ್ದ ಕಡೆ ಕೋಟೆ-ಆತೊ ಎಂದು ಬರೆಯುತ್ತಾರೆ. ಕಸಾನೆಜಿಮಾದಲ್ಲಿ ಈಗಾಗಲೇ ಶಾಲೆ-ಆತೊ, ಸ್ನಾನಗೃಹ-ಆತೊ ಇವೆ. ಮುದ್ರಣದಿಂದ ಮುದ್ರಣಕ್ಕೆ ಅವು ಹೆಚ್ಚುತ್ತಿವೆ.

"ಶಾಲೆಗೆ ಬರ್ದೆ, ಶಾಲೆ ಏನೂ ಅನ್ಲಿಲ್ಲ," ಎನ್ನುತ್ತಾರೆ ಮಸುಯೊ-ಸಾನ್. "ಫು-ಚಾನ್ ಬದುಕಿದಾಳಲ್ಲಪ್ಪ."

"ಎಷ್ಟು ದಿನ ಅಂತ ನೀವು ಫ್ಲಾಸ್ಕ್ ಹೊರ್ತೀರಿ? ಹೀಗೇ ಆದ್ರೆ ನಿಮ್ಮ ಮಂಡಿಗೂ ಆತೊ ಅಂತ ಬರೀಬೇಕಾಗುತ್ತೆ."

"ನನ್ನ ಮಂಡಿ ಯಾವ ನಕ್ಷೇಲೂ ಇಲ್ಲ, ನೀನು ಚಿಂತೆ ಮಾಡ್ಬೇಡ."

ಆದರೂ ಕೇಳದೆ ಬರೆಯುವುದು ಅವರಿಗೆ ಸರಿಬರುವುದಿಲ್ಲ. ಕೋಣೆಯ ಟೆಲಿಫೋನಿನಿಂದ ಆಸ್ಪತ್ರೆಗೆ ಕರೆ ಹೋಗುತ್ತದೆ. ಗೆಳತಿಯರಿಬ್ಬರಿಗೂ ಕಿವಿ ಮಂದ. ಮಾತು ಕೋಣೆಗೆಲ್ಲ ಕೇಳುತ್ತದೆ.

"ಫು-ಚಾನ್, ನಿನ್ನ ಅಂಗಡಿಗೆ ಆತೊ ಅಂತ ಬರೀಬೇಕಂತೆ ಕಣೇ. ಬರೀಲಾ?"

ಆ ಕಡೆಯಿಂದ ಯಾರದೋ ಚಪ್ಪಲಿ ಸದ್ದು, ದೂರದಲ್ಲಿ ಗಾಲಿಮಂಚ ಉರುಳಿದ ಸದ್ದು. ಕುರೆಮಾತ್ಸು-ಸಾನ್ ಕಿಟಕಿಯಾಚೆ ನೋಡುತ್ತಿದ್ದಾರೆ.

"ಆತೊ?" ಎನ್ನುತ್ತದೆ ಕೊನೆಗೆ ಆ ದನಿ. "ಬರಿ, ಬರಿ. ನಾನೂ ಅದನ್ನೇ ಹೇಳೋಣಾಂತಿದ್ದೆ. ಈಗಂತೂ ಆಗಲ್ಲ. ಆತೊ. ಕಾಲು ಊರೋ ಹಂಗಾಗ್ಲಿ, ಬಂದು ಬಾಗಿಲು ತೆಗೀತೀನಿ. ಒಲೆ ಒಳಗೆ ಇಲಿ ಗೂಡು ಕಟ್ಟಿರುತ್ತೆ, ನೋಡ್ಕೋ!"

ಆತೊ ಎಂದರೆ 'ಆಮೇಲೆ' ಎಂದೂ ಅರ್ಥ. ಬರೆಯುವಾಗ ಎರಡಕ್ಕೂ ಬೇರೆ ಬೇರೆ ಚಿತ್ರಾಕ್ಷರಗಳಿವೆ, ಗೊಂದಲವಿಲ್ಲ. ಬಾಯಲ್ಲಿ ಮಾತ್ರ ಎರಡೂ ಒಂದೇ. ಹಿಂದೆ ಇದ್ದದ್ದು, ಮುಂದೆ ಆಗಬೇಕಾದದ್ದು, ಎರಡಕ್ಕೂ ಒಂದೇ ದನಿ. ಮಸುಯೊ-ಸಾನ್ ತಿದ್ದುವುದಿಲ್ಲ. "ಹ್ಞೂಂ, ಹಾಗೇ ಬರೀತೀನಿ. ಗಂಜಿ ಪೂರ್ತಿ ಕುಡಿ," ಎಂದು ಫೋನ್ ಇಡುತ್ತಾರೆ.

"ತಪ್ಪು ಕೇಳಿಸ್ಕೊಂಡ್ಳೋ, ಸರಿಯಾಗೇ ಕೇಳಿಸ್ಕೊಂಡು ಹಾಗಂದ್ಳೋ, ನಾನು ಕೇಳಲಿಲ್ಲ," ಎನ್ನುತ್ತಾರೆ ಮಸಿ ತೇಯುತ್ತ. ಕುಂಚ ಹಾಳೆಯ ಮೇಲೆ ಕೊಂಚ ಹೊತ್ತು ನಿಲ್ಲುತ್ತದೆ. ಆಮೇಲೆ ಅಂಗಡಿಯ ಪಕ್ಕ, ಚಿತ್ರಾಕ್ಷರ ಬಿಟ್ಟು, ಮಕ್ಕಳು ಮೊದಲು ಕಲಿಯುವ ಸರಳ ಅಕ್ಷರಗಳಲ್ಲಿ 'ಆ', 'ತೊ' ಎಂದು ಬರೆಯುತ್ತಾರೆ. ಆ ಅಕ್ಷರಗಳಲ್ಲಿ ಅದು ಯಾವ ಆತೊ ಎಂದು ಯಾರೂ ಹೇಳಲಾರರು.

ಕುರೆಮಾತ್ಸು-ಸಾನ್ ಕರಡಿನ ಮೇಲೆ ಬಗ್ಗುತ್ತಾರೆ. "ಇದೊಂದನ್ನ ಯಾಕೆ ಮಕ್ಕಳ ಅಕ್ಷರದಲ್ಲಿ ಬರ್ದಿದೀರಿ?"

"ಮಕ್ಕಳೂ ಓದ್ಲಿ ಅಂತ."

ಅವರು ಬಹಳ ಹೊತ್ತು ನೋಡುತ್ತಾರೆ. ಒಪ್ಪಿಗೆಯ ಮೊಹರಿಗೆ ಬಾಯಿಂದ ಹಬೆಯೂದಿ, ಮೂಲೆಯಲ್ಲಿ ಮೆಲ್ಲಗೆ ಒತ್ತುತ್ತಾರೆ.

ಹೊರಗೆ ಮಂಜು ಕರಗಿ, ಎದುರು ದಡ ಇದೆಯೋ ಇಲ್ಲವೋ ಎಂಬಂತೆ ತೇಲುತ್ತಿದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮಸುಯೊ-ಸಾನ್ ಕುಂಚ ತೊಳೆಯುತ್ತ ಯೋಚಿಸುತ್ತಾರೆ.

"ನಕ್ಷೇಲಿ ಅಳಿಸೋ ಕೆಲಸ ಅಂದ್ರೆ ನಂಗೆ ಯಾವತ್ತೂ ಆಗಿಬಂದಿಲ್ಲ," ಎನ್ನುತ್ತಾರೆ. "ಮುಂದಿನ ಸಲ ಆ ಎರಡು ಅಕ್ಷರ ಮಾತ್ರ ನನ್ನ ಕೈಯಾರೆ ಅಳಿಸ್ಬೇಕು. ಫು-ಚಾನ್ ಪಕ್ಕದಲ್ಲಿ ನಿಂತು, ಇನ್ನೂ ಸರಿಯಾಗಿ ಉಜ್ಜೇ ಅಂತ ಬೈತಿರ್ಬೇಕು."