ಶಿವಲಿಂಗಪ್ಪನವರು ಎಣಿಸಿದ ಐದು ಎಲೆ

ಕೊರೊನಾ ಗಲಾಟೆ ಮುಗಿದು, ಜನ ಮಾಸ್ಕು ಜೇಬಿಗೆ ಹಾಕಿಕೊಂಡು ಓಡಾಡತೊಡಗಿದ ವರ್ಷ. ನಾನು ಹಾವೇರಿ ಜಿಲ್ಲೆಯಲ್ಲಿ ವಾಕ್ ಚಿಕಿತ್ಸಕಿಯಾಗಿದ್ದೆ. ಹೆಸರು ಭಾರಿ, ಕೆಲಸ ಹೇಳುವುದು ಸುಲಭ: ಮಾತು ಬಾರದ ಮಕ್ಕಳಿಗೆ ಕಲಿಸುವುದು, ಬಂದ ಮಾತು ಹೋಗಿಬಿಟ್ಟ ದೊಡ್ಡವರಿಗೆ ಮರಳಿ ತರುವುದು. ಸೋಮವಾರ ಹಾನಗಲ್, ಮಂಗಳವಾರ ಶಿಗ್ಗಾವಿ, ಬುಧವಾರ ಸವಣೂರು, ಗುರುವಾರ ಹಿರೇಕೆರೂರು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಅದೇ ನನ್ನ ಆಫೀಸು. "ಮಾತಾಡಸೋದಕ್ಕೂ ಪಗಾರ ಕೊಡ್ತಾರೇನ್ರಿ?" ಎಂದು ಕೇಳಿದ ಕಂಡಕ್ಟರನಿಗೆ, "ಸುಮ್ಮನ ಕುಂದ್ರಸೋದಕ್ಕೂ ಕೊಡ್ತಾರು, ನಿಮಗ ಬೇಕೇನು?" ಎಂದಿದ್ದೆ. ಆಮೇಲಿಂದ ಅವನು ನನಗೆ ತಾನೇ ಸೀಟು ಹಿಡಿದಿಡುತ್ತಿದ್ದ.

ಒಂದು ಬುಧವಾರ ಸವಣೂರಿನಲ್ಲಿ, ರೋಗಿಗಿಂತ ಮೊದಲು ರೋಗಿಯ ತಮ್ಮ ಒಳಗೆ ಬಂದ. ರುದ್ರಪ್ಪ ಅಂತ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದಲ್ಲಿ ಮಾತ್ರ ಒಂದು ಮಡಿಕೆಯೂ ಸರಿ ಇರಲಿಲ್ಲ. ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಹೇಳಿದ: "ಮೇಡಂ, ನಮ್ಮಣ್ಣಗ ಲಕ್ವಾ ಹೊಡದು ಮೂರು ತಿಂಗಳಾತು. ನಿಮಗ ಒಂದು ಮಾತು ಮೊದಲ ಹೇಳಿರ್ತೇನಿ. ಅವರು ಬೈತಾರ್ರಿ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ."

"ಕರೀರಿ, ಬೈಲಿ. ನನಗ ಬೈಗುಳ ಹೊಸಾದಲ್ಲ," ಅಂದೆ.

ಹೆಂಡತಿ ಗಿರಿಜವ್ವನ ಹೆಗಲು ಹಿಡಿದು ಶಿವಲಿಂಗಪ್ಪನವರು ಬಂದರು. ಸವಣೂರಿನ ಹಳೆಯ ವೀಳ್ಯದೆಲೆ ವ್ಯಾಪಾರಿ. ಸ್ವಂತ ಎಲೆಬಳ್ಳಿ ತೋಟ, ಪೇಟೆಯಲ್ಲಿ ಅಂಗಡಿ. ಬಲಗೈ ಬಿದ್ದುಹೋಗಿತ್ತು, ಬಲಗಾಲು ಎಳೆಯುತ್ತಿತ್ತು. ನಾನು ನಮಸ್ಕಾರ ಮಾಡಿ "ತಮ್ಮ ಹೆಸರೇನ್ರಿ?" ಎಂದು ಕೇಳಿದೆ. ಅವರು ಬಾಯಿ ತೆರೆದರು, ತುಟಿ ಹುಡುಕಾಡಿತು, ಕತ್ತಿನ ನರ ಉಬ್ಬಿತು.

"ಹಲ್ಕಟ್ ಮಗನ!"

ಹೇಳಿದವರೇ ಎಡಗೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರು ಬಂತು. ಗಿರಿಜವ್ವ ಸೆರಗಿನಿಂದ ಅವರ ಕಣ್ಣು ಒರೆಸುತ್ತ, "ಕೂಸು ಬಂದ್ರೂ 'ಬರ್ರಿ' ಅಂತಿದ್ರು ನಮ್ಮವರು. ಒಂದು ದಿನ ಬಾಯಾಗ ಕೆಟ್ಟ ಮಾತು ಬಂದಿದ್ದಿಲ್ರಿ" ಅಂದರು. ಹಸಿವಾದರೆ ಹಲ್ಕಟ್ ಮಗನ, ನೀರು ಬೇಕಾದರೆ ಹಲ್ಕಟ್ ಮಗನ, ಸ್ವಾಮಿಗಳು ಮನೆಗೆ ಬಂದಾಗಲೂ ಅದೇ. ಮೂರು ತಿಂಗಳಿಂದ ಆ ಬಾಯಲ್ಲಿ ಬೇರೆ ಮಾತೇ ಬಂದಿರಲಿಲ್ಲ. ಓಣಿಯಲ್ಲಿ ಆಗಲೇ ಎರಡು ಪಕ್ಷ ಆಗಿದ್ದವು. ಬುದ್ಧಿ ಕೆಟ್ಟಿದೆ ಎನ್ನುವವರು ಒಂದು ಕಡೆ, ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಈಗ ಹೊರಬಿತ್ತು ಎನ್ನುವವರು ಇನ್ನೊಂದು ಕಡೆ.

ಎರಡೂ ಸುಳ್ಳು. ಬುದ್ಧಿ ಕೆಟ್ಟಿದೆಯೋ ಇಲ್ಲವೋ ನೋಡಲು ನನಗೆ ಹತ್ತು ನಿಮಿಷ ಸಾಕಾಯಿತು. "ಕಿಟಕಿ ತೋರಸ್ರಿ" ಅಂದೆ, ತೋರಿಸಿದರು. "ಪೆನ್ನು ತಗೊಂಡು ಕಾಗದದ ಕೆಳಗ ಇಡ್ರಿ, ಆಮೇಲೆ ಕಣ್ಣು ಮುಚ್ಚರಿ" ಅಂದೆ, ತಪ್ಪಿಲ್ಲದೆ ಮಾಡಿದರು. "ನಿಮ್ಮ ತಮ್ಮ ನಿಮಗಿಂತ ಹಿರಿಯಾರೇನ್ರಿ?" ಅಂದದ್ದಕ್ಕೆ ನನ್ನನ್ನೇ ಅನುಮಾನದಿಂದ ನೋಡಿದರು. ಕೇಳಿದ್ದೆಲ್ಲ ತಿಳಿಯುತ್ತಿತ್ತು. ಇದಕ್ಕೆ ನಾವು ಅಫೇಸಿಯಾ ಅನ್ನುತ್ತೇವೆ. ಬಹುತೇಕ ಜನರಲ್ಲಿ ಮಿದುಳಿನ ಎಡ ಭಾಗ ಮಾತು ಕಟ್ಟುತ್ತದೆ: ಏನು ಹೇಳಬೇಕೆಂದು ಯೋಚಿಸಿ, ಪದ ಹೆಕ್ಕಿ, ಸಾಲಾಗಿ ಜೋಡಿಸಿ ನಾಲಿಗೆಗೆ ಕಳಿಸುತ್ತದೆ. ರಕ್ತ ಹೆಪ್ಪುಗಟ್ಟಿ ಅವರಿಗೆ ಪೆಟ್ಟು ಬಿದ್ದದ್ದು ಅಲ್ಲೇ. ಬರೆಯುವುದಕ್ಕೂ ಅದೇ ಭಾಗ ಬೇಕು, ಹಾಗಾಗಿ ಅದೂ ಹೋಗಿತ್ತು.

ಆದರೆ ನಾವಾಡುವ ಮಾತೆಲ್ಲ ಹಾಗೆ ಯೋಚಿಸಿ ಕಟ್ಟಿದ್ದಲ್ಲ. ಎಣಿಕೆ, ವಾರದ ಹೆಸರು, ದೇವರ ನಾಮ, ಬಾಗಿಲಿಗೆ ಬಂದವರಿಗೆ ಹೇಳುವ ಬರ್ರಿ, ಕಾಲಿಗೆ ಕಲ್ಲು ಎಡವಿದಾಗ ಬರುವ ಬೈಗುಳ, ಇವು ಸವೆದ ದಾರಿಯಲ್ಲಿ ತಾವೇ ನಡೆದು ಬರುತ್ತವೆ. ಈ ದಾರಿಗಳಲ್ಲಿ ಮಿದುಳಿನ ಬಲ ಭಾಗದ್ದೂ ಒಳ ಆಳದ ಭಾಗಗಳದ್ದೂ ಪಾತ್ರ ದೊಡ್ಡದು. ಎಡ ಭಾಗ ಕೆಟ್ಟರೂ ಅವು ಎಷ್ಟೋ ಸಲ ಉಳಿಯುತ್ತವೆ. ಶಿವಲಿಂಗಪ್ಪನವರು ಆ ಬೈಗುಳವನ್ನು ಎಂದೂ ಬಳಸದಿದ್ದರೂ ಪೇಟೆಯಲ್ಲಿ ದಿನಕ್ಕೆ ನೂರು ಸಲ ಕೇಳಿದ್ದರು. ಹೇಳಬೇಕೆಂದದ್ದು ಯಾವುದೇ ಇರಲಿ, ತೆರೆದಿದ್ದ ಒಂದೇ ಬಾಗಿಲಿನಿಂದ ಅದು ಹೊರಬರುತ್ತಿತ್ತು. ಅದರಲ್ಲಿ ಸಿಟ್ಟೂ ಇರಲಿಲ್ಲ, ಮನಸ್ಸಿನ ಕೊಳೆಯೂ ಇರಲಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳಿದಾಗ ಗಿರಿಜವ್ವ ಗಂಡನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ರುದ್ರಪ್ಪನ ಚಿಂತೆ ಬೇರೆ ಇತ್ತು.

"ಅದೆಲ್ಲ ಖರೇ ಇರಬಹುದ್ರಿ. ಸುಧಾನ ನಿಶ್ಚಯ ಎರಡು ತಿಂಗಳಿಗೆ ಐತಿ. ಹಿರೇಕೆರೂರಿನ ಬೀಗರು ಮಂದಿ ಕರಕೊಂಡು ಬರ್ತಾರ. ಅವರ ಮುಂದ ಅಣ್ಣ ಹಿಂಗಂದ್ರ?"

ಸುಧಾ ಶಿವಲಿಂಗಪ್ಪನವರ ಒಬ್ಬಳೇ ಮಗಳು. ಅವರ ಮಂದಿಯ ಪದ್ಧತಿಯಂತೆ, ನಿಶ್ಚಯದ ದಿನ ಹುಡುಗಿಯ ತಂದೆ ಬೀಗರ ಕೈಗೆ ಐದು ಎಲೆ ಎಣಿಸಿ ಕೊಡಬೇಕು. ಎಲೆ ಬೆಳೆಯುವ ಮನೆಯೆಂದ ಮೇಲೆ ಅದಕ್ಕೆ ಇನ್ನಷ್ಟು ಮಾನ. ರುದ್ರಪ್ಪ ಎಲ್ಲ ಗೊತ್ತುಮಾಡಿಬಿಟ್ಟಿದ್ದ: ಅಣ್ಣನನ್ನು ಬೆಳಿಗ್ಗೆಯೇ ತೋಟದ ಮನೆಗೆ ಕಳಿಸುವುದು, ಮೈಯಲ್ಲಿ ಆರಾಮಿಲ್ಲ ಅನ್ನುವುದು, ಎಲೆ ತಾನು ಕೊಡುವುದು. ಅಣ್ಣನ ಎದುರೇ, ಗೋಡೆಯ ಮುಂದೆ ಮಾತಾಡಿದಂತೆ ಇದನ್ನೆಲ್ಲ ಹೇಳಿದ. ಶಿವಲಿಂಗಪ್ಪನವರು ತಲೆ ಬಗ್ಗಿಸಿ ತಮ್ಮ ಬಿದ್ದ ಕೈಯನ್ನು ನೋಡುತ್ತ ಕೂತರು. ನನಗೆ ಮೈಯೆಲ್ಲ ಉರಿಯಿತು. "ಅವರಿಗೆ ಕೇಳಸ್ತೈತ್ರಿ, ತಿಳೀತೈತಿ. ಮೊದಲ ಅದನ್ನ ನೆಂಪಿಟ್ಕೋರಿ. ಎಲಿ ಅವರ ಕೈಯಿಂದನ ಕೊಡಸೋಣು," ಅಂದೆ. ಮಾತು ಕೊಟ್ಟಾದ ಮೇಲೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ.

ಇಂಥವರಲ್ಲಿ ಉಳಿದ ಸವೆದ ದಾರಿ ಹುಡುಕಿ, ಅದರ ಮೇಲೆ ಹೊಸ ಮಾತು ಕೂಡಿಸುವುದು ನಮ್ಮ ಕ್ರಮ. ಎಣಿಕೆಯಿಂದ ಶುರುಮಾಡಿದೆ. ನಾನು "ಒಂದು" ಅನ್ನುವುದು, ಅವರು ಮುಂದುವರಿಸುವುದು. "ಒಂದು..." ಅಂದೆ. "ಹಲ್ಕಟ್ ಮಗನ." ವಾರದ ಹೆಸರು ಹಿಡಿದೆ. "ಸೋಮವಾರ..." "ಹಲ್ಕಟ್ ಮಗನ." ಭಜನೆಯ ಸಾಲು ಹಾಡಿದೆ. ಹಾಡಿಗೆ ತಲೆ ತೂಗಿದರು, ತಾಳ ಹಾಕಿದರು, ಕೊನೆಯಲ್ಲಿ ಅದೇ ರಾಗದಲ್ಲಿ ಅದೇ ಮಾತು! ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ಮೂರು ಬುಧವಾರ ಹೀಗೇ ಹೋಯಿತು. ನಾಲ್ಕನೆಯ ಬುಧವಾರ ಅವರು ಬರಲೇ ಇಲ್ಲ. ದಾರಿಯಲ್ಲಿ ಪರಿಚಯದವರು ಮಾತಾಡಿಸಿದರೆ ಬೈಗುಳ ಬರುತ್ತದೆಂದು ಮನೆ ಬಿಟ್ಟು ಹೊರಡಲು ಒಲ್ಲೆ ಅಂದರಂತೆ. ಕೆಲಸ ಮುಗಿಸಿ ನಾನೇ ಅವರ ಮನೆಗೆ ನಡೆದೆ.

ಪಡಸಾಲೆಯ ತುಂಬ ಎಲೆ. ತೋಟದಿಂದ ಬಂದದ್ದನ್ನು ಒದ್ದೆ ಗೋಣಿಯ ಮೇಲೆ ಸುರಿದು ಗಿರಿಜವ್ವ ಕಟ್ಟು ಕಟ್ಟುತ್ತಿದ್ದರು. ಶಿವಲಿಂಗಪ್ಪನವರು ಗೋಡೆಗೆ ಒರಗಿ ಕೂತಿದ್ದರು. "ಕೆಲಸದಾಗ ಕೈ ಹಾಕಸ್ತೀರೇನು ಇವರಿಗೆ?" ಎಂದು ಕೇಳಿದೆ. "ಬಲಗೈನ ಇಲ್ಲಲ್ರಿ," ಅಂದರು ಗಿರಿಜವ್ವ. "ಎಡಗೈ ಐತೆಲ್ಲ. ನೀವು ಎಲಿ ಹಿಡೀರಿ, ಅವರು ತಗೊಂಡು ಇಡ್ಲಿ." ಕೂಡಿಸಿದೆವು. ಗಿರಿಜವ್ವ ಎಲೆಯ ಗೊಂಚಲು ಮುಂದೆ ಹಿಡಿದರು. ಶಿವಲಿಂಗಪ್ಪನವರ ಎಡಗೈ ಬೆರಳು ತುಸು ತಡವರಿಸಿ ಮೊದಲ ಎಲೆ ಎಳೆದು ಗೋಣಿಯ ಮೇಲೆ ಇಟ್ಟಿತು.

"ಲಾಭ."

ಗಿರಿಜವ್ವನ ಕೈ ಅಲ್ಲೇ ನಿಂತಿತು. ನಾನು ಕೈಸನ್ನೆ ಮಾಡಿದೆ, ನಿಲ್ಲಿಸಬೇಡಿ ಅಂತ. ಎರಡನೆಯ ಎಲೆ ಬಿತ್ತು. "ಎರಡ." ಮೂರನೆಯದು. "ಮೂರ." "ನಾಕ." "ಐದ." ದನಿ ಒರಟಾಗಿತ್ತು, ಅಕ್ಷರ ಮಾತ್ರ ಸ್ಪಷ್ಟ. ಇಪ್ಪತ್ತು ದಾಟಿದರೂ ನಿಲ್ಲಲಿಲ್ಲ. ಗಿರಿಜವ್ವ ಅಳುತ್ತ ಎಲೆ ಕೊಡುತ್ತಲೇ ಇದ್ದರು. ಅಬ್ಬಾ, ಆ ಹೊತ್ತು ನನಗಾದ ಖುಷಿಗೆ ನಾನೂ ಗೋಣಿಯ ಮೇಲೆ ಕೂತುಬಿಟ್ಟೆ.

ಈ ಕಡೆ ಕಾಳು ಅಳೆಯುವವರೂ ಎಲೆ ಎಣಿಸುವವರೂ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ. ಶುಭವಾಗಲಿ ಎಂದು ಲಾಭ ಅನ್ನುತ್ತಾರೆ, ಅಲ್ಲಿಂದ ಮುಂದೆ ಎರಡು, ಮೂರು. ನಾನು ಧಾರವಾಡದ ಮಾಸ್ತರ ಮಗಳು, ಎಣಿಕೆ ಶಾಲೆಯಲ್ಲಿ ಕಲಿತವಳು, ಒಂದರಿಂದ. ಅವರು ಎಣಿಕೆ ಕಲಿತದ್ದು ಅಪ್ಪನ ಅಂಗಡಿಯಲ್ಲಿ, ಕೈಯಲ್ಲಿ ಎಲೆ ಹಿಡಿದು. ಅವರ ಮಿದುಳಿನಲ್ಲಿ ಆ ಸಾಲು ಲಾಭದಿಂದ ಶುರುವಾಗುತ್ತಿತ್ತು, ಅದೂ ಬೆರಳು ಎಲೆ ಮುಟ್ಟಿದಾಗ. ನಾನು "ಒಂದು" ಎಂದು ಎಷ್ಟು ಕೂಗಿದರೂ ಆ ಸಾಲಿಗೆ ಅದು ಮುಟ್ಟುತ್ತಿರಲಿಲ್ಲ.

ಅಲ್ಲಿಂದ ಚಿಕಿತ್ಸೆಯ ಜಾಗ ಬದಲಾಯಿತು. ಬುಧವಾರ ಮಧ್ಯಾಹ್ನ ಪಡಸಾಲೆಯ ಗೋಣಿಯೇ ನಮ್ಮ ಕೋಣೆ. ಉಳಿದ ದಿನ ಸುಧಾ ಕೂತು ಮಾಡಿಸುತ್ತಿದ್ದಳು. ಗಟ್ಟಿ ಹುಡುಗಿ, ಅಪ್ಪ ಬೈದಾಗಲೆಲ್ಲ "ನೀನ ಹಲ್ಕಟ್ ಅಪ್ಪ" ಎಂದು ನಗಿಸುತ್ತಿದ್ದಳು. ಎಣಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟವಾಯಿತು, ಏಕೆಂದರೆ ತಾನೇ ನಡೆಯುವ ಮಾತಿಗೆ ಕಡಿವಾಣ ಇರುವುದಿಲ್ಲ. ಐದಕ್ಕೆ ನಿಲ್ಲುವುದನ್ನು ವಾರಗಟ್ಟಲೆ ಮಾಡಿದೆವು. ಆಮೇಲೆ ಎಣಿಕೆಯ ಬೆನ್ನಿಗೆ "ಎಲಿ" ಎಂಬ ಮಾತು ಅಂಟಿಕೊಂಡು ಬಂತು. ಒಂದು ದಿನ ಬಾಗಿಲಲ್ಲಿ ಚಪ್ಪಲಿ ಸದ್ದಾದಾಗ ತಾನಾಗಿಯೇ "ಬರ್ರಿ" ಬಂತು. ಆದರೆ "ಇನ್ನೊಮ್ಮೆ ಬರ್ರಿ ಅನ್ರಿ" ಎಂದು ನಾನು ಕೇಳಿದರೆ ಬಾಯಿ ಕಟ್ಟುತ್ತಿತ್ತು. ಸದ್ದು ಕರೆದರೆ ಬರುವ ಮಾತು, ಮನಸ್ಸು ಕರೆದರೆ ಬರುತ್ತಿರಲಿಲ್ಲ. ಈ ಎರಡರ ನಡುವಿನ ಹೊಳೆ ದಾಟಿಸುವುದೇ ನಮ್ಮ ಇಡೀ ವಿದ್ಯೆ. ಗಾಬರಿಯಾದರಂತೂ ಎಲ್ಲ ಹಿಂದೆ ಬಿದ್ದು ಬೈಗುಳವೇ ಮುಂದೆ ಬರುತ್ತಿತ್ತು.

ಅದಕ್ಕೇ ನಾನು ರುದ್ರಪ್ಪನಿಗೆ ಬೀಗರಿಗೆ ಮೊದಲೇ ತಿಳಿಸಿರೆಂದು ಹೇಳಿದೆ. ಅವನು ಹೌಹಾರಿದ. "ಸಂಬಂಧ ಮುರದ್ರ ನೀವು ಬಂದು ಕಟ್ಟಿಕೊಡ್ತೀರೇನ್ರಿ?"

"ತಂದೀನ ಬಚ್ಚಿಟ್ಟು ಕಟ್ಟಿದ ಸಂಬಂಧ ಎಷ್ಟು ದಿನ ಬಾಳತೈತ್ರಿ?"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಗಿರಿಜವ್ವ ಎದ್ದು, "ಅವರು ಕುಂದ್ರಲಿಲ್ಲ ಅಂದ್ರ ನಾನೂ ಕುಂದ್ರಂಗಿಲ್ಲ" ಅಂದರು. ರುದ್ರಪ್ಪ ಇಷ್ಟಕ್ಕೆ ಒಪ್ಪಿದ: ಅಣ್ಣ ಕೂರಲಿ, ಬೀಗರಿಗೆ ಹೇಳುವುದು ಬೇಡ, ಬಾಯಿ ತಪ್ಪಿದರೆ ತಾನು ಆ ಕ್ಷಣವೇ ಎಬ್ಬಿಸಿ ಒಳಗೆ ಒಯ್ಯುವುದು.

ನಿಶ್ಚಯದ ದಿನ ನಾನು ಗಿರಿಜವ್ವನ ಹಿಂದೆ ಹೆಂಗಸರ ನಡುವೆ ಕೂತಿದ್ದೆ. ಬೀಗರು ಚಪ್ಪಲಿ ಬಿಟ್ಟು ಒಳಗೆ ಬಂದರು. ಶಿವಲಿಂಗಪ್ಪನವರು "ಬರ್ರಿ" ಅಂದರು. ರುದ್ರಪ್ಪನ ಭುಜ ಅರ್ಧ ಇಳಿಯಿತು. ಹುಡುಗನ ತಂದೆ ಗುರುಶಾಂತಪ್ಪನವರು ಕಾಳಿನ ವ್ಯಾಪಾರಿ, ದೊಡ್ಡ ಮೈ, ದೊಡ್ಡ ಮೀಸೆ. ಎದುರು ಕೂತು ಎರಡೂ ಕೈ ಬೊಗಸೆ ಮಾಡಿದರು. ಸುಧಾ ಅಪ್ಪನ ಪಕ್ಕದಲ್ಲಿ ಎಲೆ ಹಿಡಿದಳು.

"ಲಾಭ. ಎರಡ. ಮೂರ. ನಾಕ."

ಆಗ ಬೀಗರ ಕಡೆಯ ಒಬ್ಬ ಮುದುಕಿ, ಪಾಪ, ಪ್ರೀತಿಯಿಂದಲೇ ನಡುವೆ ಬಾಯಿ ಹಾಕಿದಳು: "ಈಗ ಆರಾಮಿದ್ದೀರೇನ್ರಿ?" ಸಾಲು ಕಡಿಯಿತು. ಐದನೆಯ ಎಲೆ ಕೈಯಲ್ಲೇ ಉಳಿಯಿತು. ತುಟಿ ಹುಡುಕಾಡಿತು. ನಾನು ಕಣ್ಣು ಮುಚ್ಚಿಕೊಂಡೆ.

"ಹಲ್ಕಟ್ ಮಗನ!"

ಗುರುಶಾಂತಪ್ಪನವರ ಮುಖಕ್ಕೆ ಮುಖ ಕೊಟ್ಟು. ರುದ್ರಪ್ಪ ಧಡಕ್ಕನೆ ಎದ್ದು ಅಣ್ಣನ ರಟ್ಟೆಗೆ ಕೈ ಹಾಕಿದ. ಗುರುಶಾಂತಪ್ಪನವರು ಮಾತ್ರ ಬೊಗಸೆ ಬಿಡಿಸಲಿಲ್ಲ.

"ಕೈ ಬಿಡ್ರಿ ರುದ್ರಪ್ಪನವರ," ಅಂದರು. "ಬೈಗುಳ ಬರತೈತಿ ಅಂತ ನಮ್ಮ ಸೊಸಿ ಸುಧಾನ ಫೋನಿನ್ಯಾಗ ಎಲ್ಲಾ ಹೇಳ್ಯಾಳ. ಬರಲಿಲ್ಲ ಅಂದಿದ್ರ ನಮಗ ಚಿಂತಿ ಆಕ್ಕಿತ್ತು." ಆಮೇಲೆ ನಾಲ್ಕೂ ಎಲೆ ತಾವೇ ತಿರುಗಿ ಸುಧಾಳ ಕೈಗೆ ಕೊಟ್ಟು, "ಎಣಿಕಿ ತಪ್ಪೇತ್ರಿ ಬೀಗರ, ಮೊದಲಿಂದ ಹಿಡೀರಿ. ನಾನೂ ಜೋಡಿ ಅಂತೇನಿ. ಲಾಭ..." ಅಂದರು.

ಇಬ್ಬರು ವ್ಯಾಪಾರಿಗಳು ಕೂಡಿ ಐದು ಎಣಿಸಿದರು. ಐದಕ್ಕೆ ಸರಿಯಾಗಿ ನಿಂತರು. ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು, ಸುಧಾ ಅಪ್ಪನ ಹೆಗಲಿಗೆ ಮುಖ ಒತ್ತಿದಳು. ರುದ್ರಪ್ಪ ಒಳಬಾಗಿಲ ಹತ್ತಿರ ಹೋಗಿ, ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಶಿವಲಿಂಗಪ್ಪನವರು ಅವನನ್ನೇ ನೋಡಿದರು. ಬಾಗಿಲಲ್ಲಿ ಯಾರೂ ಬಂದಿರಲಿಲ್ಲ. ಚಪ್ಪಲಿ ಸದ್ದೂ ಆಗಿರಲಿಲ್ಲ. ಅವರು ಎಡಗೈಯಿಂದ ಪಕ್ಕದ ಜಮಖಾನೆ ತಟ್ಟಿದರು, ತುಟಿ ಕೂಡಿಸಿದರು, ಒಮ್ಮೆ ಸೋತರು, ಮತ್ತೆ ಕೂಡಿಸಿದರು.

"ಬರ್ರಿ," ಅಂದರು ತಮ್ಮನಿಗೆ.

ಅಲ್ಲಿದ್ದವರಿಗೆ ಅದು ಬರೀ ಒಂದು ಕರೆ. ನನಗೆ ಗೊತ್ತಿತ್ತು, ಲಕ್ವಾ ಹೊಡೆದ ಮೇಲೆ ಅವರು ಬೇಕೆಂದು ಆರಿಸಿ ಆಡಿದ ಮೊದಲ ಮಾತು ಅದು. ಹೊಳೆ ದಾಟಿದ್ದರು. ನಾನು ಗಿರಿಜವ್ವನ ಸೆರಗಿನಲ್ಲೇ ಕಣ್ಣು ಒರೆಸಿಕೊಂಡೆ. ರುದ್ರಪ್ಪ ಬಂದು ಅಣ್ಣನ ಪಕ್ಕ ಕೂತ.

ಈಗ ಅವರು ಅಂಗಡಿಯಲ್ಲಿ ಕೂರುತ್ತಾರೆ. ಸಣ್ಣ ಸಣ್ಣ ಮಾತು ಆಡುತ್ತಾರೆ, ದಣಿದಾಗ ಹಳೆಯ ಬೈಗುಳವೂ ಒಮ್ಮೊಮ್ಮೆ ಬರುತ್ತದೆ, ಗಿರಾಕಿಗಳು ನಗುತ್ತ ಎಲೆ ಒಯ್ಯುತ್ತಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಬಾಯಿಂದ ಬಂದದ್ದೆಲ್ಲ ಮನಸ್ಸಿನದಲ್ಲ, ಬಾರದೆ ಹೋದದ್ದೆಲ್ಲ ಕಳೆದುಹೋದದ್ದೂ ಅಲ್ಲ. ಇವತ್ತಿಗೂ ಹಾನಗಲ್ಲಿಗೋ ಶಿಗ್ಗಾವಿಗೋ ಮಾತು ನಿಂತವರು ಬಂದರೆ ನಾನು ಒಂದು, ಎರಡು ಎಂದು ಶುರು ಮಾಡುವುದಿಲ್ಲ. ಜೊತೆಗೆ ಬಂದವರನ್ನು ಮೊದಲು ಕೇಳುತ್ತೇನೆ: "ಇವರು ಕೈಯಾಗ ಏನು ಹಿಡಕೊಂಡು, ಹೆಂಗ ಎಣಸ್ತಿದ್ರು, ಹೇಳ್ರಿ?"